ಮಣಿಕಟ್ಟಿನ ದುಂಬಿ

ಶೋಭಾ ಮಾವನ ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಉಸಿರು ಹಿಡಿದು ನಿಂತಿದ್ದಳು. ತಲೆಯ ಮೇಲಿನ ಸೆರಗು ಜಾರದಿರಲೆಂದು ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಕೈಯನ್ನು ಸೊಸೆಯ ಕಡೆ ಚಾಚಿದ್ದ ಅಪ್ಪಣ್ಣ ಮುಖವನ್ನು ಮಾತ್ರ ಗೋಡೆಗೆ ತಿರುಗಿಸಿಕೊಂಡಿದ್ದ. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಹೋದ ವರ್ಷದ ಕ್ಯಾಲೆಂಡರು ತೆಗೆದ ಮೇಲೆ ಉಳಿದ ಒಂದು ಮೊಳೆ ಇತ್ತು, ಅಷ್ಟೇ.

“ಐತಿ?” ಎಂದು ಅವನು ಆ ಮೊಳೆಯನ್ನು ಕೇಳಿದ.

“ಐತ್ರಿ.”

“ನಿನ್ನಿ ಹಂಗ?”

“ನಿನ್ನಿಗಿಂತ ಒಂದ ಗುಲಗಂಜಿ ಹೆಚ್ಚ ಐತ್ರಿ, ಮಾವಾರ.”

ಒಲೆಯ ಮುಂದಿನಿಂದ ಅತ್ತೆ ಕಾಶೆವ್ವನ ದನಿ ಬಂತು. “ಬಂಗಾರ ತೂಗಿದಂಗ ತೂಗತಾಳ ನೋಡು. ಇದ್ರ ಐತಿ ಅನ್ನು, ಇಲ್ಲಂದ್ರ ಇಲ್ಲ ಅನ್ನು. ರೊಟ್ಟಿ ಆರಾಕತ್ತಾವ.”

ಶೋಭಾ ಬೆರಳು ತೆಗೆದಳು. ತೆಗೆದ ಮೇಲೂ ಬೆರಳ ತುದಿಯಲ್ಲಿ ಅದು ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಕಡ್ಡಿಪೆಟ್ಟಿಗೆಯಲ್ಲಿ ದುಂಬಿಯೊಂದನ್ನು ಹಿಡಿದಿಟ್ಟು ಕಿವಿಗೆ ಹಿಡಿದರೆ ಕೇಳುವಂಥ ಗುಂಯ್‌ಗುಡುವಿಕೆ, ಆದರೆ ಕಿವಿಗಲ್ಲ, ಚರ್ಮಕ್ಕೆ ಕೇಳುವಂಥದ್ದು. ಮೂಡಲಗಿಯ ತವರಿನಲ್ಲಿ ಅವಳ ಅಜ್ಜಿ ಹಣಮವ್ವ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸರ ಜೀವ ಅವರ ಮೈಯಲ್ಲಿ ಇರುತ್ತಿರಲಿಲ್ಲ. ಏಳು ಗುಡ್ಡದಾಚೆ, ಏಳು ಕೋಣೆಯೊಳಗೆ, ಒಂದು ದುಂಬಿಯಲ್ಲಿ ಇರುತ್ತಿತ್ತು. ಮಾವನ ಜೀವ ಅಷ್ಟು ದೂರವೇನೂ ಹೋಗಿಲ್ಲ, ಮಣಿಕಟ್ಟಿಗೆ ಬಂದು ಕುಳಿತಿದೆ ಎಂದು ಶೋಭಾ ಅಂದುಕೊಳ್ಳುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ, ಸೊಸೆ ಮಾವನನ್ನು ರಾಕ್ಷಸ ಮಾಡಿದಳೆಂದು ಅತ್ತೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಘೋಡಗೇರಿಯ ಅಪ್ಪಣ್ಣ ಮೂವತ್ತೊಂದು ವರ್ಷ ಕಾಲುವೆಯ ಗೇಟು ಕಾಯ್ದವನು. ತಲೆ ಸುತ್ತಿದರೆ ಬಿಸಿಲೆಂದ, ಕಾಲು ಬಾತರೆ ನಡೆದದ್ದು ಹೆಚ್ಚಾಯಿತೆಂದ. ಹದಿನೈದು ವರ್ಷ ರಕ್ತದೊತ್ತಡ ಏರಿಯೇ ಇತ್ತೆಂದು ತಿಳಿಯುವ ಹೊತ್ತಿಗೆ ಎರಡೂ ಮೂತ್ರಪಿಂಡ ಕೈಬಿಟ್ಟಿದ್ದವು. ಗೋಕಾಕದ ಒಂದು ದವಾಖಾನೆಗೆ ರಕ್ತ ಶುದ್ಧ ಮಾಡುವ ಎರಡು ಯಂತ್ರಗಳು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಂಗಳವಾರ, ಶುಕ್ರವಾರ ಅಲ್ಲಿಗೆ ಹೋಗಿ ನಾಲ್ಕು ನಾಲ್ಕು ತಾಸು ಮಲಗಿ ಬರಬೇಕು. ರಕ್ತ ಹೋಗಿಬರಲು ಕುತ್ತಿಗೆಗೆ ಒಂದು ನಳಿಕೆ ಹಾಕಿದ್ದರು. ಆ ನಳಿಕೆ ಎರಡು ಸಲ ನಂಜಾಗಿ, ಎರಡು ಸಲವೂ ಅವನನ್ನು ಚಳಿಜ್ವರದಲ್ಲಿ ಕುಣಿಸಿತ್ತು. ಮೂರನೆಯ ಸಲ ಬಂದರೆ ತಡೆಯುವುದು ಕಷ್ಟವೆಂದು ಡಾಕ್ಟರು ಶೋಭಾಳ ಗಂಡ ಶಿವಕುಮಾರನನ್ನು ಹೊರಗೆ ಕರೆದು ಹೇಳಿದ್ದರು. ಅದಕ್ಕೇ ಕೈಯ ಶಸ್ತ್ರಕ್ರಿಯೆ. ಬಲಗೈಯ ನಾಳಗಳೆಲ್ಲ ಸಲೈನಿನ ಸೂಜಿ ಚುಚ್ಚಿ ಚುಚ್ಚಿ ಕೆಟ್ಟಿದ್ದವು. ಉಳಿದದ್ದು ಎಡಗೈ ಒಂದೇ.

ಶಸ್ತ್ರಕ್ರಿಯೆಯ ಮರುದಿನ ಯಂತ್ರ ನೋಡಿಕೊಳ್ಳುವ ಪರಪ್ಪ ಇಡೀ ಮನೆಯವರನ್ನು ಹಾಸಿಗೆಯ ಸುತ್ತ ನಿಲ್ಲಿಸಿಕೊಂಡಿದ್ದ. ಅವನೂ ಮೂಡಲಗಿಯವನು. ಹಾಗಾಗಿ ಶೋಭಾಳನ್ನು ಕಂಡರೆ “ನಮ್ಮೂರ ಹುಡುಗಿ ಶ್ಯಾಣ್ಯಾಕಿ” ಎಂದು ಎಲ್ಲರೆದುರು ಹೇಳುವ ಹಕ್ಕು ತನಗಿದೆಯೆಂದು ತಿಳಿದಿದ್ದ.

“ನೋಡ್ರಿ, ಹೃದಯದಿಂದ ಬರೂ ನಾಳದಾಗ ನೆತ್ತರ ಗುದ್ದಿಕೋಂತ ಬರತೈತಿ, ಅದಕ್ಕ ಅದರ ಗ್ವಾಡಿ ದಪ್ಪ. ತಿರುಗಿ ಹೋಗೂ ನಾಳದಾಗ ಮೆತ್ತಗ ಹರಿತೈತಿ, ಅದರ ಗ್ವಾಡಿ ಉಳ್ಳಾಗಡ್ಡಿ ಸಿಪ್ಪಿ ಇದ್ದಂಗ. ಡಾಕ್ಟರ್ ಸಾಹೇಬ್ರು ಏನ ಮಾಡ್ಯಾರಂದ್ರ, ಎರಡನ್ನೂ ಇಲ್ಲಿ ಮಣಿಕಟ್ಟಿನಾಗ ಕೂಡಿಸ್ಯಾರ. ಪಾಪ, ಆ ಸಿಪ್ಪಿಯಂಥಾ ನಾಳಕ್ಕ ಈಗ ಒಮ್ಮಿಗೇಲೆ ಹೊಳಿ ಬಂದಂಗಾಗೈತಿ.”

“ಒಡದ ಹೋದ್ರ?” ಎಂದಳು ಕಾಶೆವ್ವ.

“ಒಡಿಯಂಗಿಲ್ಲಬೇ ಯವ್ವಾ. ಅದರ ಒಳಮೈಗೆ ಜೀವಕೋಶ ಹಾಸಿರತಾವ, ಫರಸಿ ಕಲ್ಲ ಹಾಸಿದಂಗ. ಅವಕ್ಕ ತಿಳಿತೈತಿ. ನೆತ್ತರ ಯಾ ಕಡೆ ಹರಿತೈತೋ ಆ ಕಡೆ ಮೈ ಉದ್ದ ಮಾಡಿ ಮಲಗತಾವ, ಹಳ್ಳದಾಗಿನ ಹುಲ್ಲು ಮಲಗತೈತಲ್ಲ, ಹಂಗ. ಮಲಗಿ ಹಿಂದಿನವಕ್ಕ ಸುದ್ದಿ ಕಳಸತಾವ. ಹರಿವು ಹೆಚ್ಚಾಗೈತಿ, ನಾಳ ಅಗಲ ಆಗಲಿ, ಗ್ವಾಡಿ ದಪ್ಪ ಮಾಡ್ರೆಪಾ ಅಂತ. ಆರು ವಾರದಾಗ ಸೂಜಿ ತಡಿಯೂವಷ್ಟು ಬಲಿತೈತಿ. ಆವಾಗ ಕುತಿಗಿ ನಳಿಕಿ ತಗದ ಒಗದ ಬಿಡೋಣು.”

“ಅವಕ್ಕ ಕಣ್ಣು ಕಿವಿ ಇರತಾವೇನ್ರಿ?” ಶೋಭಾ ಕೇಳಿಯೇಬಿಟ್ಟಿದ್ದಳು.

“ಎಲ್ಲೀವು? ಮೈಮ್ಯಾಲ ಏನು ಹಾದು ಹೋಗತೈತಿ ಅನ್ನೂದಷ್ಟ ಗೊತ್ತು ಅವಕ್ಕ.”

ಅಪ್ಪಣ್ಣ ಅಲ್ಲಿಯವರೆಗೆ ಬೇರೆ ಯಾರದೋ ಕೈಯ ಮಾತು ಕೇಳುವವನಂತೆ ಮಲಗಿದ್ದವನು ಮೆಲ್ಲಗೆ ಬಾಯಿ ಬಿಟ್ಟ. “ಹೊಸಾ ಕಾಲವಿಗೂ ಹಂಗ. ಮೊದಲ ವರ್ಷ ದಂಡಿ ಮಣ್ಣ ಗಟ್ಟಿ ಆಗೂತನಕ ನೀರು ಅಳತಿ ಹಿಡದ ಬಿಡಬೇಕು.”

“ಮತ್ತ ನೀರು ನಿಂತ್ರ ಏನಾಗತೈತ್ರಿ ಕಾಲವ್ಯಾಗ?” ಎಂದ ಪರಪ್ಪ.

“ಹೂಳ ತುಂಬತೈತಿ.”

“ಇಲ್ಲಿ ಹೆಪ್ಪ ತುಂಬತೈತಿ. ಒಮ್ಮೆ ತುಂಬಿದ್ರ ಮುಗೀತು, ಇನ್ನೊಂದ ಕೈ ಇಲ್ಲ ನಿಮಗ.” ಪರಪ್ಪ ಬೆರಳು ಮಡಚುತ್ತ ಹೇಳಿದ. ಈ ಕೈಯಲ್ಲಿ ಭಾರ ಎತ್ತಬಾರದು, ಈ ಮಗ್ಗಲಾಗಿ ಮಲಗಬಾರದು, ಗಡಿಯಾರ, ದಾರ, ಏನನ್ನೂ ಬಿಗಿಯಬಾರದು. ದಿನಾ ಮುಂಜಾನೆ ಯಾರಾದರೊಬ್ಬರು ಮುಟ್ಟಿ ನೋಡಬೇಕು. ಗುಂಯ್ ಅನ್ನುವುದು ಇದ್ದರೆ ನಾಳ ಬದುಕಿದೆ. ನಿಂತರೆ ಹಾಗೇ ಎದ್ದು ಬರಬೇಕು, ತಾಸಿನ ಲೆಕ್ಕ.

ಆ ಯಾರಾದರೊಬ್ಬರು ಶೋಭಾ ಆದದ್ದು ಹೀಗೆ. ಕಾಶೆವ್ವ ಮೊದಲು ಎರಡು ಬೆರಳಿಟ್ಟಳು, ಆಮೇಲೆ ಐದೂ ಇಟ್ಟಳು. “ನನಗೇನೂ ತಿಳಿವಲ್ದಪಾ. ನಲವತ್ತ ವರ್ಷ ರೊಟ್ಟಿ ಬಡದ ಬೆರಳಿಗೆ ಸುಡೂ ಹಂಚ ತಿಳಿಯಂಗಿಲ್ಲ, ಇದೇನ ತಿಳೀತೈತಿ” ಎಂದು ಕೈ ತೆಗೆದಳು. ಶಿವಕುಮಾರನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ, ವಾರಕ್ಕೊಂದು ಹೊತ್ತು. ಮೂರು ವರ್ಷದಲ್ಲಿ ಮಾವನ ಕೈಗೆ ನೀರಿನ ತಂಬಿಗೆಯನ್ನೂ ನೇರ ಕೊಡದೆ ಕಟ್ಟೆಯ ಮೇಲಿಟ್ಟು ಸರಿಯುತ್ತಿದ್ದ ಸೊಸೆ ಅವನ ಮಣಿಕಟ್ಟು ಹಿಡಿಯುವಂತಾಯಿತು. ಮೊದಲ ದಿನ ಇಬ್ಬರಿಗೂ ಬೆವರು ಬಂದಿತ್ತು. ಈಗ ಹನ್ನೆರಡನೆಯ ದಿನ. ಹೊಲಿಗೆ ಬಿಚ್ಚಿ ಎರಡು ದಿನವಾಗಿತ್ತು. ಪಟ್ಟಿಯ ಅಡಿಯಲ್ಲಿ ಮುಗುಮ್ಮಾಗಿದ್ದ ದುಂಬಿ ಈಗ ಮೊಣಕೈಯ ಹತ್ತಿರದವರೆಗೆ ಗುಂಯ್‌ಗುಡುತ್ತಿತ್ತು.

ಅವತ್ತು ರೊಟ್ಟಿ ತಿನ್ನುವಾಗ ಕಾಶೆವ್ವ ಗಂಡನನ್ನು ಕೆಣಕಿದಳು. “ಏನ್ರಿ, ಪೂಜಿ ಲಗೂನ ಮುಗಸೀರಿ? ಬಣವಿಗೆ ಬೆಂಕಿ ಬಿದ್ದಾಗೂ ಪೂಜಿ ಮುಗಿಸೇ ಎದ್ದವರು ನೀವು.”

ಅಪ್ಪಣ್ಣ ತುತ್ತು ಮುರಿದು ಹಾಗೇ ಹಿಡಿದ. “ನಿಲ್ಲವಲ್ದು.”

“ಏನು?”

“ಬೆಳಕು.”

ಅವನ ಲಿಂಗಪೂಜೆ ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಬೆಳಗಿನ ಜಾವ ಮೈ ತೊಳೆದು, ಮೂಲೆಯ ಮಣೆಯ ಮೇಲೆ ಕುಳಿತು, ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಕಣ್ಣಿನ ನೇರಕ್ಕೆ ಹಿಡಿಯುತ್ತಿದ್ದ. ಎದುರಿನ ಹಣತೆಯ ಬೆಳಕು ಲಿಂಗದ ಕರಿ ಹೊಳಪಿನಲ್ಲಿ ಸಾಸಿವೆಯಷ್ಟಾಗಿ ಕೂರುತ್ತಿತ್ತು. ಆ ಸಾಸಿವೆಯನ್ನು ರೆಪ್ಪೆ ಬಡಿಯದೆ ಅರ್ಧ ತಾಸು ನೋಡುವುದು. ಹದಿನೆಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಂದಿನಿಂದ ನಲವತ್ತಾರು ವರ್ಷ ಒಂದು ದಿನ ತಪ್ಪಿರಲಿಲ್ಲ. ಕುತ್ತಿಗೆಗೆ ನಳಿಕೆ ಹಾಕಿದ ದಿನವೂ ಆಸ್ಪತ್ರೆಯ ಮಂಚದ ಮೇಲೇ ಮಾಡಿದ್ದ.

“ದೀಪ ಹೊಯ್ದಾಡಿದ್ರ ಬಾಗಲಾ ಮುಚ್ಚಗೋರಿ.”

“ದೀಪ ಅಲ್ಲ ಕಾಶಿ. ಕೈ. ಒಳಗಿನ ನಡುಕ ಅಂಗೈಗೆ ಬರತೈತಿ. ಬೆಳಕು ಗಳಗಳ ಗಳಗಳ ಅಲಗಾಡತೈತಿ. ಕಣ್ಣ ಇಟ್ಟ ಜಾಗಾದಾಗ ಇರವಲ್ದು.”

“ಹಂಗಾರ ಬಲಗೈಯಾಗ ಇಟಗೋರಿ.”

ಅಪ್ಪಣ್ಣ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. “ಗುರು ಕೊಟ್ಟದ್ದು ಈ ಕೈಗೆ. ದವಾಖಾನಿಯಾವ್ರು ಎಡಗೈ ಅಂದ್ರು, ನಾ ಕೊಟ್ಟಬಿಟ್ನಿ. ಇದು ಪೂಜಿ ಕೈ ಅಂತ ಹೇಳಾಕ ನಾಚಿಕಿ ಆತು.”

ಶೋಭಾ ಪಲ್ಯ ಬಡಿಸುತ್ತ ಇದನ್ನೆಲ್ಲ ಕೇಳಿದಳು. ತನ್ನ ಬೆರಳಿಗೆ ದಿನದಿನವೂ ಸಂತೋಷ ಕೊಡುತ್ತಿದ್ದ ಅದೇ ಗುಂಯ್‌ಗುಡುವಿಕೆ ಮಾವನಿಗೆ ಏನು ಮಾಡುತ್ತಿದೆಯೆಂದು ಅವಳಿಗೆ ಆಗಲೇ ತಿಳಿದದ್ದು. ಕಾಲುವೆ, ಮನೆ, ಕಾಯಿಲೆ, ಎಲ್ಲದರ ನಡುವೆ ಆ ಅರ್ಧ ತಾಸು ಮಾತ್ರ ಅವನದಾಗಿತ್ತು.

ಹತ್ತೊಂಬತ್ತನೆಯ ದಿನ ದುಂಬಿ ಸಣ್ಣಗಾಯಿತು. ಶೋಭಾ ತನ್ನ ಬೆರಳನ್ನೇ ಬೈದುಕೊಂಡಳು. ಬೆಳಿಗ್ಗೆ ಎದ್ದು ತಣ್ಣೀರಲ್ಲಿ ಭಾಂಡೆ ತಿಕ್ಕಿದರೆ ಬೆರಳಿಗೇನು ತಿಳಿದೀತು ಎಂದು ಮರುದಿನ ಕೈಯನ್ನು ಒಲೆಗೆ ಕಾಸಿಕೊಂಡು ಬಂದು ಮುಟ್ಟಿದಳು. ಅಂದೂ ಸಣ್ಣಗೇ ಇತ್ತು. ಮಧ್ಯಾಹ್ನ ಔಷಧ ಕೊಡುವ ನೆಪದಲ್ಲಿ ಮುಟ್ಟಿದರೆ ಮತ್ತೆ ಜೋರಾಗಿತ್ತು. ಮುಂಜಾನೆ ಹೊತ್ತು ಮಾತ್ರ ಹೀಗೇಕೆ? “ಸಣ್ಣಗೈತ್ರಿ” ಎಂದರೆ ಅಪ್ಪಣ್ಣ “ಹೂಂ” ಎಂದು ತೋಳನ್ನು ಧೋತರದ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದ. ಅವನ ಮುಖ ಮಾತ್ರ ಮೊದಲಿಗಿಂತ ಹಗುರಾಗಿತ್ತು. ಪೂಜೆ ಮತ್ತೆ ಅರ್ಧ ತಾಸು ನಡೆಯತೊಡಗಿತ್ತು. ರೂಢಿಯಾಯಿತೇನೋ ಎಂದು ಕಾಶೆವ್ವ ಸಮಾಧಾನಪಟ್ಟಳು. ಶೋಭಾಳಿಗೆ ಸಮಾಧಾನವಾಗಲಿಲ್ಲ. ಮಂಗಳವಾರ ದವಾಖಾನೆಯಲ್ಲಿ ಪರಪ್ಪ ನೋಡಿದಾಗ ಜೋರಾಗಿಯೇ ಇದ್ದದ್ದು ಬುಧವಾರ ಮುಂಜಾನೆ ಮತ್ತೆ ಸಣ್ಣಗಾದಾಗ, ಗಂಡನ ಹೊಸ ಮೊಬೈಲಿನಿಂದ ಅವನಿಗೆ ಫೋನು ಮಾಡಿದಳು.

“ಏನರ ಬಿಗೀಯಾಕತ್ತಾರೇನ್ ತಂಗಿ?”

“ಇಲ್ರಿ. ಅಂಗಿ ತೋಳ ಸೈತ ಬಿಗಿ ಆಗತೈತಂತ ಹರದೇವಿ.”

“ಶುಕ್ರವಾರ ಬರ್ತೀರಲ್ಲ, ನೋಡೋಣು. ಅಷ್ಟ್ರಾಗ ನಿಂತ್ರ ಮಾತ್ರ ವ್ಯಾಳ್ಯಾ ಕಳೀಬ್ಯಾಡ್ರಿ.”

ಗುರುವಾರ, ಇಪ್ಪತ್ನಾಲ್ಕನೆಯ ದಿನ. ಶೋಭಾಳಿಗೆ ಎಂದಿಗಿಂತ ಬೇಗ ಎಚ್ಚರವಾಯಿತು. ಎಮ್ಮೆ ಹಗ್ಗ ಜಗ್ಗುತ್ತಿತ್ತು. ಹಿಂಡಲು ಚರಿಗೆ ಬೇಕಿತ್ತು, ಅದು ದೇವರ ಮೂಲೆಯ ಮಾಡದಲ್ಲಿತ್ತು. ಅಪ್ಪಣ್ಣ ಆಗಲೇ ಮಣೆಯ ಮೇಲೆ ಕುಳಿತಿದ್ದ. ಅವಳು ಹೊಸ್ತಿಲಲ್ಲೇ ನಿಂತಳು.

ಅವನು ಲಿಂಗ ಒರೆಸುವ ಬಿಳಿ ಅರಿವೆಯನ್ನು ಉದ್ದಕ್ಕೆ ಮಡಚಿ ಎಡ ಮಣಿಕಟ್ಟಿನ ಮೇಲೆ, ಗಾಯದ ಕಲೆಯಿಂದ ನಾಲ್ಕು ಬೆರಳು ಬಿಟ್ಟು, ಮೂರು ಸುತ್ತು ಸುತ್ತಿದ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು ಜಗ್ಗಿ ಗಂಟು ಹಾಕಿದ. ಆಮೇಲೆ ಲಿಂಗವನ್ನು ಅಂಗೈಗಿಟ್ಟು ಕೈ ಎತ್ತಿದ. ಹಣತೆಯ ಬೆಳಕು ಅವನ ಮುಖದ ಮೇಲಿತ್ತು. ಲಿಂಗದೊಳಗಿನ ಸಾಸಿವೆ ಶೋಭಾಳಿಗೆ ಕಾಣುವಂತಿರಲಿಲ್ಲ, ಆದರೆ ಅದು ನಿಂತಿದೆಯೆಂದು ಆ ಮುಖದಿಂದಲೇ ತಿಳಿಯುತ್ತಿತ್ತು. ಹುಬ್ಬಿನ ನಡುವಿನ ಗಂಟು ಕರಗಿತ್ತು. ಕುತ್ತಿಗೆಯ ನಳಿಕೆ, ಬಾತ ಕಣ್ಣರೆಪ್ಪೆ, ಒಣಗಿದ ತುಟಿ ಯಾವುದೂ ಆ ಮುಖಕ್ಕೆ ಸೇರಿದ್ದಾಗಿರಲಿಲ್ಲ. ಇಷ್ಟು ಚಂದದ ಮುಖವನ್ನು ಅವಳು ಈ ಮನೆಯಲ್ಲಿ ನೋಡಿಯೇ ಇರಲಿಲ್ಲ.

ಅವಳು ನಿಂತೇ ಇದ್ದಳು. ಪೂಜೆಯಲ್ಲಿದ್ದವನನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಮಗ ಮಾತಾಡಿಸಿರಲಿಲ್ಲ, ಹೆಂಡತಿ ಮಾತಾಡಿಸಿರಲಿಲ್ಲ. ಮುಗಿಯುವವರೆಗೆ ಕಾಯುವುದು ಸರಿ ಎಂದು ಒಂದು ಮನಸ್ಸು ಹೇಳಿತು. ಮುಗಿದ ಮೇಲೆ ಅತ್ತೆಗೆ ಹೇಳಿದರಾಯಿತು, ಅತ್ತೆ ಜಗಳ ಮಾಡುತ್ತಾಳೆ, ನಾಳೆಯಿಂದ ನಿಲ್ಲುತ್ತದೆ. ಅಷ್ಟರಲ್ಲಿ ಪರಪ್ಪ ಹೇಳಿದ ಆ ಕುರುಡು ಜೀವಗಳು ಅವಳ ಕಣ್ಣಿಗೆ ಕಟ್ಟಿದವು. ಹಳ್ಳದ ಹುಲ್ಲಿನಂತೆ ಒಂದೇ ಕಡೆ ಮೈಚಾಚಿ ಮಲಗಿದವು, ಮೈಮೇಲೆ ಏನೂ ಹಾದುಹೋಗುತ್ತಿಲ್ಲವಲ್ಲ ಎಂದು ಕತ್ತಲಲ್ಲಿ ಒಂದನ್ನೊಂದು ಕೇಳುತ್ತಿದ್ದವು. ಅರ್ಧ ತಾಸು ಎಂಬುದು ಅವಕ್ಕೆ ಎಷ್ಟು ದಿನವೋ.

ಶೋಭಾ ಹೊಸ್ತಿಲು ದಾಟಿದಳು. ಮುಖ ಕೂಡ ತೊಳೆದಿರಲಿಲ್ಲ, ತಲೆಯ ಮೇಲೆ ಸೆರಗು ಇರಲಿಲ್ಲ. ಮಾವನ ಎದುರು ಮೊಣಕಾಲೂರಿ ಗಂಟಿಗೆ ಕೈ ಹಾಕಿದಳು. ಗಂಟು ಎಂಜಲಿನಿಂದ ಒದ್ದೆಯಾಗಿ ಬಿಗಿದಿತ್ತು, ಉಗುರು ಹತ್ತಲಿಲ್ಲ. ಅಪ್ಪಣ್ಣನ ಕಣ್ಣು ಲಿಂಗದಿಂದ ಇಳಿದು ಅವಳ ಮೇಲೆ ಬಂತು. ಅಂಥ ಸಿಟ್ಟನ್ನು ಅವಳು ಯಾರ ಕಣ್ಣಲ್ಲೂ ಕಂಡಿರಲಿಲ್ಲ. ಅವನು ಕೈ ಎಳೆದುಕೊಳ್ಳಲಿಲ್ಲ. ಲಿಂಗ ಬಿದ್ದೀತೆಂದು ಬೆರಳು ಮಡಚಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ, ಅಷ್ಟೇ. ಗಂಟು ಬಿಚ್ಚಿತು. ಅರಿವೆಯ ಕೆಳಗೆ ಚರ್ಮದ ಮೇಲೆ ಮೂರು ಗೆರೆ ಎದ್ದಿದ್ದವು.

ಅವಳು ಎರಡು ಬೆರಳಿಟ್ಟಳು. ಸರಿಸಿ ಇಟ್ಟಳು. ಮೂರನೆಯ ಬೆರಳನ್ನೂ ಇಟ್ಟಳು.

“ಐತಿ?” ಈ ಸಲ ಅವನು ಅವಳನ್ನೇ ನೋಡಿ ಕೇಳಿದ.

“ಇಲ್ರಿ.”

ಗೋಕಾಕದ ಸಂತೆಗೆ ಬದನೆಕಾಯಿ ತುಂಬಿಕೊಂಡು ಹೊರಟಿದ್ದ ಸತ್ತೆಪ್ಪನ ಟೆಂಪೊ ಸಿಕ್ಕಿತು. ಕಾಶೆವ್ವ ಮುಂದೆ ಕುಳಿತು ಸತ್ತೆಪ್ಪನಿಗೆ ಇಡೀ ಕತೆ ಹೇಳುತ್ತ, ನಡುನಡುವೆ ಹಿಂದೆ ತಿರುಗಿ ಗಂಡನನ್ನು ಬೈಯುತ್ತ, ಬೈದು ಕಣ್ಣೊರೆಸಿಕೊಳ್ಳುತ್ತ ಬಂದಳು. ಹಿಂದೆ ಬದನೆಯ ಚೀಲಗಳ ನಡುವೆ ಶೋಭಾ ಮಾವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳು ಎತ್ತದೆ ಕುಳಿತಿದ್ದಳು. ಟೆಂಪೊದ ಅದುರಾಟದಲ್ಲಿ ಯಾವುದು ಗಾಡಿಯದು, ಯಾವುದು ನಾಳದ್ದು ತಿಳಿಯುವಂತಿರಲಿಲ್ಲ.

ಘಟಪ್ರಭಾ ಸ್ಟೇಶನ್ನು ದಾಟಿದ ಮೇಲೆ ಅಪ್ಪಣ್ಣ ಮಾತಾಡಿದ. “ಆರ ದಿನ ಆತು ಕಟ್ಟಾಕತ್ತು. ಬಿಚ್ಚಿದ ಮ್ಯಾಲ ತಿರುಗಿ ಬರತಿತ್ತು.”

ಶೋಭಾ ಬೆರಳನ್ನು ಒಂದಿಷ್ಟು ಸರಿಸಿಟ್ಟಳು.

“ಗೇಟ ಇಳಿಸಿ ಎತ್ತಿದಂಗ ಅಂದಕೊಂಡ್ನಿ. ಮೂವತ್ತೊಂದ ವರ್ಷ ಇಳಿಸೇನಿ, ಎತ್ತೇನಿ. ಒಂದ ಸಲ ಕೂಡ ನೀರು, ನಾ ಬರಂಗಿಲ್ಲ ಅಂದಿಲ್ಲ.” ಬದನೆಯ ಚೀಲಕ್ಕೆ ತಲೆ ಆನಿಸಿ ಮತ್ತೆ ಹೇಳಿದ, “ನನಗ ತಿಳಿತೈತಿ ಅಂದಕೊಂಡಿದ್ನಿ.”

“ಸಿಟ್ಟ ಬಂತೇನ್ರಿ ನನ್ನ ಮ್ಯಾಲ?”

“ಬಂತು. ಇನ್ನೂ ಐತಿ.” ಅವನು ಕೈಯನ್ನು ಅವಳ ತೊಡೆಯಿಂದ ತೆಗೆಯಲಿಲ್ಲ. “ಹಿಡದೀಯಲ್ಲ, ಬಿಡಬ್ಯಾಡ.”

ದವಾಖಾನೆಯಲ್ಲಿ ಪರಪ್ಪ ಅರಿವೆಯ ಗೆರೆಗಳನ್ನು ನೋಡಿದ. ಕಿವಿಗೆ ಕೊಳವೆ ಹಾಕಿಕೊಂಡು ಮಣಿಕಟ್ಟಿನ ಮೇಲೆ ಇಂಚಿಂಚು ಸರಿಸುತ್ತ ಕೇಳಿದ. ಒಂದು ಕಡೆ ನಿಂತ. “ಒಂದ ಎಳಿ ಐತಿ. ಕೊಳಲಿನ ತೂತ ಮುಚ್ಚಿದ್ರೂ ಗಾಳಿ ಸೋರತೈತಲ್ಲ, ಅಷ್ಟ” ಎಂದು ಡಾಕ್ಟರನ್ನು ಕರೆಯಲು ಓಡಿದ. ಹತ್ತು ನಿಮಿಷದಲ್ಲಿ ಅಪ್ಪಣ್ಣನನ್ನು ಒಳಗೆ ಒಯ್ದರು.

ಅತ್ತೆ ಸೊಸೆ ಹೊರಗೆ ಬೆಂಚಿನ ಮೇಲೆ ಕುಳಿತರು. ಎದುರಿನ ಗೋಡೆಗೆ ಹೃದಯದ ಚಿತ್ರ ತೂಗುಹಾಕಿತ್ತು. ಅಪ್ಪಣ್ಣನ ಹೃದಯವನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ಡಾಕ್ಟರು, ಏರಿದ ಒತ್ತಡದ ವಿರುದ್ಧ ವರ್ಷಗಟ್ಟಲೆ ದುಡಿದು ಇದರ ಗೋಡೆ ದಪ್ಪವಾಗಿದೆ, ಗರಡಿಯಾಳಿನ ತೋಳಿನಂತೆ, ಆದರೆ ತೋಳಿಗೆ ಒಳ್ಳೆಯದಾದದ್ದು ಇದಕ್ಕೆ ಒಳ್ಳೆಯದಲ್ಲ ಎಂದಿದ್ದರು. ಯಾರಿಗೂ ಹೇಳದೆ, ಕೇಳದೆ ಒಳಗೊಳಗೇ ಹೊತ್ತು ದಪ್ಪಗಾಗುವ ಸ್ವಭಾವ ಆ ಮನುಷ್ಯನದೋ, ಆ ಮಾಂಸದ್ದೋ ಎಂದು ಶೋಭಾ ಯೋಚಿಸುತ್ತಿದ್ದಳು.

“ನೀ ಪೂಜ್ಯಾಗ ಮುಟ್ಟಬಾರದಾಗಿತ್ತು ಅಂತ ನಾ ಏನ ಅನ್ನಾಂಗಿಲ್ಲ” ಎಂದಳು ಕಾಶೆವ್ವ ಇದ್ದಕ್ಕಿದ್ದಂತೆ.

“ಹೂಂ ರಿ, ಅತ್ತಿ.”

“ನಾ ಇದ್ದಿದ್ರ ಮುಟ್ಟತಿರಲಿಲ್ಲ. ಮುಗಿಲಿ ಅಂತ ನಿಂದರತಿದ್ನಿ. ಅಷ್ಟ ಹೇಳಿದ್ನಿ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, “ಎಮ್ಮಿ ಹಿಂಡಿದಿಯಿಲ್ಲ?” ಎಂದಳು.

“ಇಲ್ರಿ.”

“ಹೋಗ್ಲಿ. ಕರಾ ಕುಡದಿರತೈತಿ.”

ಡಾಕ್ಟರು ಹೊರಗೆ ಬಂದಾಗ ಹನ್ನೊಂದು ದಾಟಿತ್ತು. ಹಳೆಯ ಗಾಯವನ್ನೇ ಬಿಚ್ಚಿ ಹೆಪ್ಪು ತೆಗೆದಿದ್ದರು, ನೇರಳೆ ಹಣ್ಣಿನ ತಿರುಳಿನಷ್ಟು. ಇನ್ನೆರಡು ತಾಸು ತಡವಾಗಿದ್ದರೆ ತೆಗೆಯಲು ಬರುತ್ತಿರಲಿಲ್ಲ. ಹರಿವು ಮರಳಿದೆ, ಆದರೆ ಇನ್ನೊಮ್ಮೆ ಹೀಗಾದರೆ ತನ್ನಿಂದ ಏನೂ ಆಗದು. ಎರಡು ದಿನ ಇಲ್ಲೇ ಇರಬೇಕು, ಕೈ ದಿಂಬಿನ ಮೇಲೆ ನೆಟ್ಟಗಿರಬೇಕು, ಮಡಚಬಾರದು, ಎತ್ತಬಾರದು.

ಮಂಚಕ್ಕೆ ತಂದು ಮಲಗಿಸಿದ ಮೇಲೆ, ನೋಡಲು ಬಂದ ಡಾಕ್ಟರನ್ನು ಅಪ್ಪಣ್ಣ ಮಲಗಿದಲ್ಲಿಂದಲೇ ಕೇಳಿದ. “ಡಾಕ್ಟರ್ ಸಾಹೇಬ್ರ, ಇದು ಪೂರಾ ಬಲಿತ ಮ್ಯಾಲ ನಡಗೂದು ಬಿಡತೈತೇನ್ರಿ?”

“ಇಲ್ಲ. ಬಲಿತ ಮೇಲೆ ಇನ್ನೂ ಜೋರಾಗುತ್ತದೆ.”

“ಎಂದರ ಒಂದ ದಿನ ನಿಂದರತೈತಿ, ಹೌದಿಲ್ರಿ?”

ಡಾಕ್ಟರು ಕೈಚೀಲ ತೆಗೆದುಕೊಳ್ಳುತ್ತಿದ್ದವರು ನಿಂತರು. “ಅದು ನಿಲ್ಲಬಾರದೆಂದೇ ನಾವೆಲ್ಲ ಇಷ್ಟು ಮಾಡುತ್ತಿರುವುದು, ಅಪ್ಪಣ್ಣ.”

ಅಂದು ಅವನು ಅನ್ನ ಕಲಸಿಕೊಟ್ಟರೆ ಉಂಡ, ಮಾತ್ರೆ ಕೊಟ್ಟರೆ ನುಂಗಿದ. ಸಂಜೆ ಶಿವಕುಮಾರ ಪಾಳಿ ಮುಗಿಸಿ ಬಂದು ಅಪ್ಪನ ಕಾಲು ಒತ್ತುತ್ತ ಕುಳಿತು ಹೋದ. ಶೋಭಾ ತಾಸಿಗೊಮ್ಮೆ ಪಟ್ಟಿಯ ಮೇಲ್ಗಡೆ ಬೆರಳಿಟ್ಟು ನೋಡುತ್ತಿದ್ದಳು. ಇತ್ತು. ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಕಣ್ಣು ತೆರೆದಾಗ ಅಪ್ಪಣ್ಣ ಎದ್ದು ದಿಂಬಿಗೊರಗಿ ಕುಳಿತಿದ್ದ. ಬಲಗೈಯಿಂದಲೇ ಮುಖ ತೊಳೆದುಕೊಂಡು ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ. ಎಡಗೈ ಪಟ್ಟಿ ಸುತ್ತಿಸಿಕೊಂಡು ದಿಂಬಿನ ಮೇಲೆ ಬಿದ್ದಿತ್ತು. ಬಲಗೈ ಎದೆಯ ಮೇಲಿನ ಕರಡಿಗೆಯನ್ನು ಹಿಡಿದಿತ್ತು, ತೆರೆದಿರಲಿಲ್ಲ. ಕೆಳಗೆ ಚಾಪೆಯಲ್ಲಿ ಕಾಶೆವ್ವನಿಗೆ ಗೊರಕೆ.

“ಎದ್ದಿಯೇನು?” ಎಂದ.

“ಎದ್ದೇನ್ರಿ. ನೀರ ಬೇಕೇನ್ರಿ, ಮಾವಾರ?”

“ಬ್ಯಾಡ. ಮುಖಾ ತೊಳಕೊಂಡ ಬಾ.”

ತೊಳೆದುಕೊಂಡು ಬಂದಳು. ಸೆರಗು ಸರಿಮಾಡಿಕೊಂಡಳು.

“ನಿನ್ನ ಕೊಳ್ಳಾಗಿಂದು ತಗಿ.”

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಕೆಂಪಾಯಿತು. ಅವಳ ಕೊರಳಲ್ಲೂ ಲಿಂಗವಿತ್ತು, ಸಣ್ಣ ಬೆಳ್ಳಿಯ ಕರಡಿಗೆಯಲ್ಲಿ. ತವರಿನಲ್ಲಿ ಕಟ್ಟಿದ್ದು. “ನಾ ಹಬ್ಬಕ್ಕಷ್ಟ ಪೂಜಿ ಮಾಡ್ತೇನ್ರಿ. ದಿನಾ ಆಗಂಗಿಲ್ಲ.”

“ಗೊತ್ತೈತಿ. ಕಾಶಿ ಹೇಳ್ಯಾಳ.”

“ಅತ್ತಿ ಎಲ್ಲಾ ಹೇಳಿರತಾರ.”

“ಎಲ್ಲಾ ಹೇಳ್ಯಾಳ.” ಅವನ ತುಟಿಯಂಚು ಸ್ವಲ್ಪ ಅಲುಗಿತು. “ನನ್ನ ಕೈಗೆ ಇವತ್ತ ಆಗಂಗಿಲ್ಲ. ನೀ ಮಾಡು. ನಾ ನೋಡತೇನಿ.”

ಶೋಭಾ ಮಂಚದ ಅಂಚಿಗೆ ಕುಳಿತಳು. ಕರಡಿಗೆ ತೆರೆಯಲು ಉಗುರು ಬೇಕಾಯಿತು, ಅಷ್ಟು ದಿನವಾಗಿತ್ತು. ಲಿಂಗವನ್ನು ಎಡ ಅಂಗೈಗಿಟ್ಟುಕೊಂಡಳು.

“ಇನ್ನಷ್ಟ ಎತ್ತು. ಕಣ್ಣಿಗೆ ಸಮಾ. ಕಿಡಕಿ ಕಡೆ ತಿರುಗು.”

ಹಣತೆ ಇರಲಿಲ್ಲ. ಕಿಟಕಿಯಾಚೆ ಬಸ್ ಸ್ಟ್ಯಾಂಡಿನ ಮೇಲೆ ಆಕಾಶ ಬೆಳ್ಳಗಾಗುತ್ತಿತ್ತು. ಲಿಂಗದ ಕರಿ ಹೊಳಪಿನಲ್ಲಿ ಒಂದು ಪುಟ್ಟ ಕಿಟಕಿ ಮೂಡಿತು, ಸರಳುಗಳ ಸಮೇತ, ಅಕ್ಕಿಕಾಳಿನಷ್ಟು. ಅವಳು ಅದನ್ನು ನೋಡಿದಳು. ಕಿಟಕಿ ಮೇಲೆ ಕೆಳಗೆ ತೇಲುತ್ತಿತ್ತು.

“ಉಸರ ಬಿಗಿ ಹಿಡೀಬ್ಯಾಡ” ಎಂದ ಅಪ್ಪಣ್ಣ. “ಅದರ ಪಾಡಿಗೆ ಅದು ಬಂದ ಹೋಗಲಿ. ಮೊಣಕೈ ಪಕ್ಕೆಲಬಿಗೆ ಹಚ್ಚು.”

ಉಸಿರು ಮೆಲ್ಲಗೆ ತಳಕ್ಕಿಳಿಯಿತು. ತೇಲಾಟ ನಿಂತಿತು. ಈಗ ನಿಶ್ಚಲವಾಗುತ್ತದೆ ಎಂದು ಅವಳು ಕಾದಳು. ಪುಟ್ಟ ಕಿಟಕಿ ಕೂದಲೆಳೆಯಷ್ಟು ಜಿಗಿಯಿತು. ಮತ್ತೆ ತನ್ನ ಜಾಗಕ್ಕೆ ಬಂತು. ಎದೆ ಬಡಿದಂತೆ ಮತ್ತೆ ಜಿಗಿಯಿತು. ಅವಳು ಕೈ ಗಟ್ಟಿ ಮಾಡಿದಳು, ಜಿಗಿತ ಹೆಚ್ಚಾಯಿತು. ಸಡಿಲ ಬಿಟ್ಟಳು, ಸಣ್ಣಗಾಯಿತು, ನಿಲ್ಲಲಿಲ್ಲ. ಇಪ್ಪತ್ತಾರು ವರ್ಷದ, ಯಾವ ರೋಗವೂ ಇಲ್ಲದ, ಯಾರೂ ಕೊಯ್ಯದ ಕೈ.

“ಮಾವಾರ, ನಂದೂ ನಿಲ್ಲವಲ್ದ್ರಿ” ಎಂದಳು.

ಅಪ್ಪಣ್ಣ ದಿಂಬಿನಿಂದ ಮೈ ಎತ್ತಿ, ಪಟ್ಟಿಯ ಕೈಯನ್ನು ಇದ್ದಲ್ಲೇ ಬಿಟ್ಟು, ಅವಳ ಭುಜದ ಮೇಲಿಂದ ಬಗ್ಗಿ ಅಂಗೈಯನ್ನು ನೋಡುತ್ತಿದ್ದ. ಅವನ ಕಣ್ಣಿಗೆ ಅಷ್ಟು ಸಣ್ಣದು ಕಾಣುತ್ತಿತ್ತೋ ಇಲ್ಲವೋ. ರೆಪ್ಪೆ ಬಡಿಯುತ್ತಿರಲಿಲ್ಲ. ಹೊರಗೆ ಹುಕ್ಕೇರಿಯ ಮೊದಲ ಬಸ್ಸು ಶುರುವಾಗಿ, ಕಿಟಕಿಯ ಗಾಜು ಗಲಗಲ ಅದುರಿ, ಬಸ್ಸು ಹೊರಟುಹೋಯಿತು. ಗಾಜು ಸುಮ್ಮನಾಯಿತು. ಕಪ್ಪಿನೊಳಗಿನ ಅಕ್ಕಿಕಾಳಿನಷ್ಟು ಬೆಳಕು ಮಾತ್ರ ಇದ್ದಲ್ಲೇ ಜಿಗಿಯುತ್ತಿತ್ತು. ಅವನು ಅವಳ ಮೊಣಕೈಯ ಕೆಳಗೆ ತನ್ನ ಬಲಗೈಯನ್ನು ಆಸರೆಗೆ ಕೊಟ್ಟು ನೋಡುತ್ತಲೇ ಇದ್ದ.